ಕೊಕ್ಕರೆ ಬೆಳ್ಳೂರಿನ ಬಾಣಂತನ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಜನವರಿಯಿಂದ ಏಪ್ರಿಲ್‌ವರೆಗೆ ಯಾವಾಗ ಹೋದರೂ ತಲೆಗೊಂದು ಟೋಪಿಯೋ ಕೈಗೊಂದು ಕೊಡೆಯೋ ಇರಲಿ. ಬಿಸಿಲಿಗೆ ಮಾತ್ರವಲ್ಲ, ಮೇಲಿನಿಂದ ಬೀಳುವ ಬಿಳಿಯ ಪ್ರಸಾದಕ್ಕೂ ಬೇಕು. ಆ ಊರಿನಲ್ಲಿ ಹಂಚಿನ ಮೇಲೆ, ಎತ್ತಿನ ಗಾಡಿಯ ಮೇಲೆ, ಒಣಗಲು ಹಾಕಿದ ಲುಂಗಿಯ ಮೇಲೆ, ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಎಲ್ಲೆಲ್ಲೂ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ. ಮೀನು ಕೊಳೆತ ವಾಸನೆ ಊರಿನ ಗಡಿಯಲ್ಲೇ ಎದುರುಗೊಳ್ಳುತ್ತದೆ. ಹತ್ತು ನಿಮಿಷ ಮೂಗು ಹಿಡಿದುಕೊಂಡಿದ್ದರೆ ಆಮೇಲೆ ಅಭ್ಯಾಸವಾಗಿಬಿಡುತ್ತದೆ.

ತಲೆ ಎತ್ತಿ ನೋಡಿದರೆ ಕಾರಣ ತಿಳಿಯುತ್ತದೆ. ಮನೆಗಳ ನಡುವೆ, ಹಿತ್ತಲಲ್ಲಿ, ಬೀದಿಯ ತಿರುವಿನಲ್ಲಿ ನಿಂತ ಹುಣಸೆ, ಅರಳಿ, ಬಸರಿ ಮರಗಳ ನೆತ್ತಿಯ ತುಂಬ ಗೂಡುಗಳು. ಗೂಡುಗಳ ತುಂಬ ಹೆಜ್ಜಾರ್ಲೆಗಳು ಮತ್ತು ಬಣ್ಣದ ಕೊಕ್ಕರೆಗಳು. ಕೆಳಗೆ ಮನುಷ್ಯರ ಸಂಸಾರ, ಮೇಲೆ ಹಕ್ಕಿಗಳ ಸಂಸಾರ. ಈ ಊರಿನ ಹಕ್ಕಿಗಳಿಗಾಗಿ ಬಹಳ ಕಾಲ ದುಡಿದ ಮೈಸೂರಿನ ಕೆ. ಮನು ಅವರು ಇನ್ನೊಬ್ಬ ಲೇಖಕಿಯ ಜೊತೆ ಸೇರಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ಇದನ್ನು ಎರಡಂತಸ್ತಿನ ಹಳ್ಳಿ ಎಂದು ಕರೆದಿದ್ದಾರೆ. ಅದಕ್ಕಿಂತ ಸರಿಯಾದ ಹೆಸರು ನನಗೂ ಹೊಳೆಯಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಎಂಬತ್ತರ ದಶಕದಲ್ಲಿ ಕೆಲವು ವರ್ಷ ಮದ್ದೂರಿನಲ್ಲಿ ಕೆಲಸ ಮಾಡಿದ್ದೆ. ಆಗ ಬೆಳೆ ಸಾಲದ ಅರ್ಜಿಗಳನ್ನು ತುಂಬಿಸುವುದು ನನ್ನ ಪಾಲಿನ ಕೆಲಸ. ಒಂದು ದಿನ ಬೆಳ್ಳೂರಿನ ರೈತರೊಬ್ಬರು ನನ್ನ ಮೇಜಿನ ಮುಂದೆ ಕುಳಿತು ತಮ್ಮ ಆಸ್ತಿಯ ವಿವರ ಬರೆಸಿದರು. ಇಷ್ಟು ಗುಂಟೆ ತರಿ, ಇಷ್ಟು ಖುಷ್ಕಿ, ಒಂದು ಜೊತೆ ಎತ್ತು, ಮೂರು ಹುಣಸೆ ಮರ. "ಮರದಿಂದ ವರ್ಷಕ್ಕೆ ಎಷ್ಟು ಹುಟ್ಟುತ್ತೆ?" ಎಂದು ಕೇಳಿದೆ. ಅವರು ಎರಡು ಮರದ ಲೆಕ್ಕ ಹೇಳಿ ಸುಮ್ಮನಾದರು. "ಮೂರನೆಯದು?" ಎಂದೆ. "ಅದು ನಮ್ದಲ್ಲ ಸ್ವಾಮಿ, ಹಕ್ಕೀದು" ಎಂದರು. ಮುಖದಲ್ಲಿ ನಗುವಿರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಪಕ್ಕದ ಜಮೀನು ದಾಯಾದಿಯದು ಎಂದು ಹೇಳುವ ಹಾಗೆ ಹೇಳಿದರು. ಮುಂದಿನ ಭಾನುವಾರವೇ ಸಹೋದ್ಯೋಗಿಯೊಬ್ಬರ ಲೂನಾದ ಹಿಂದೆ ಕುಳಿತು ಆ ಊರಿಗೆ ಮೊದಲ ಸಲ ಹೋದೆ. ಆಮೇಲೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ಈಚೆಗೆ ಹೋದದ್ದು ಮಾರ್ಚ್ ತಿಂಗಳಲ್ಲಿ, ಹೆಂಡತಿ ಮತ್ತು ಆರನೆಯ ತರಗತಿಯ ಮೊಮ್ಮಗಳ ಜೊತೆ. ಮೈಸೂರಿನಿಂದ ಮದ್ದೂರಿಗೆ ರೈಲು, ಅಲ್ಲಿ ವಡೆ–ಕಾಫಿ, ಅಲ್ಲಿಂದ ಆಟೋ.

ಮೇಲಿನ ಅಂತಸ್ತಿನವರು

ಮೊದಲು ಮೇಲಿನವರ ಪರಿಚಯ ಮಾಡಿಕೊಳ್ಳೋಣ. ಊರಿಗೆ ಹೆಸರು ಕೊಟ್ಟದ್ದು ಬಣ್ಣದ ಕೊಕ್ಕರೆ. ನಿಂತರೆ ಮೂರಡಿಗೂ ಸ್ವಲ್ಪ ಹೆಚ್ಚು ಎತ್ತರ. ಹಳದಿ ಕೊಕ್ಕು, ಬಿಳಿ ಮೈ, ಎದೆಯ ಅಡ್ಡಕ್ಕೆ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಬಣ್ಣದ ಗರಿ. ಅದು ಮೀನು ಹಿಡಿಯುವುದು ಕಣ್ಣಿನಿಂದಲ್ಲ. ಅರ್ಧ ತೆರೆದ ಕೊಕ್ಕನ್ನು ಕೆರೆಯ ನೀರಿನಲ್ಲಿ ಇಳಿಸಿ ಆಚೀಚೆ ಆಡಿಸುತ್ತ ನಡೆಯುತ್ತದೆ, ಮೀನು ತಗುಲಿದ ಕೂಡಲೇ ಕೊಕ್ಕು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಕೆಸರು ನೀರಾದರೂ ಅದಕ್ಕೆ ತೊಂದರೆಯಿಲ್ಲ. ಬಿಸಿಲು ಏರಿದಾಗ ತಾಯಿ ಕೊಕ್ಕರೆ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಮಾಡುತ್ತದೆ. ನಮ್ಮ ಕೊಡೆಯನ್ನು ನೋಡಿ ಕಲಿತಿತೋ ಏನೋ ಎಂದು ಮೊಮ್ಮಗಳು ನಕ್ಕಳು.

ಹೆಜ್ಜಾರ್ಲೆ ಇನ್ನೂ ಭಾರದ ಹಕ್ಕಿ. ದೊಡ್ಡದು ಸುಮಾರು ಐದು ಕಿಲೋ ತೂಗುತ್ತದೆ, ರೆಕ್ಕೆ ಬಿಡಿಸಿದರೆ ತುದಿಯಿಂದ ತುದಿಗೆ ಏಳಡಿ. ಕೊಕ್ಕಿನ ಕೆಳಗೆ ಜೋತುಬಿದ್ದ ಚೀಲವಿದೆಯಲ್ಲ, ಅದರಲ್ಲಿ ಮೀನು ತುಂಬಿಕೊಂಡು ಬರುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ಆ ಚೀಲ ಒಂದು ಬಲೆ. ನೀರು ಸಮೇತ ಮೀನನ್ನು ಮೊಗೆದು, ನೀರನ್ನು ಹೊರಗೆ ಬಿಟ್ಟು, ಮೀನನ್ನು ನುಂಗುತ್ತದೆ. ಗೂಡಿಗೆ ಬಂದ ಮೇಲೆ ಮರಿಗಳು ತಾಯಿಯ ಬಾಯೊಳಗೆ ತಲೆ ತೂರಿಸಿ ಅರ್ಧ ಜೀರ್ಣವಾದ ಮೀನನ್ನು ತಿನ್ನುತ್ತವೆ. ಮೊದಲ ಸಲ ನೋಡಿದವರಿಗೆ ತಾಯಿಯೇ ಮರಿಯನ್ನು ನುಂಗುತ್ತಿದೆಯೇನೋ ಎಂದು ಗಾಬರಿಯಾಗುತ್ತದೆ. ನಮ್ಮ ಹೆಜ್ಜಾರ್ಲೆಯ ಮೇಲುಕೊಕ್ಕಿನಲ್ಲಿ ಸಾಲಾಗಿ ಚುಕ್ಕೆಗಳಿರುತ್ತವೆ. ಈ ಜಾತಿ ಭಾರತ, ಶ್ರೀಲಂಕಾ, ಕಾಂಬೋಡಿಯಾದಂಥ ಕೆಲವೇ ದೇಶಗಳಲ್ಲಿ ಮರಿ ಮಾಡುತ್ತದೆ.

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್–ನವೆಂಬರ್ ಹೊತ್ತಿಗೆ ಇವು ಊರಿಗೆ ಬರತೊಡಗುತ್ತವೆ. ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಹತ್ತಿರದಲ್ಲೇ ಶಿಂಷಾ ಹೊಳೆ ಇದೆ, ತೈಲೂರು ಕೆರೆ, ಮದ್ದೂರು ಕೆರೆ ಮುಂತಾದ ಕೆರೆಗಳಿವೆ. ಮೀನಿಗೆ ಬರವಿಲ್ಲ. ಆದರೆ ಕೆರೆ–ಹೊಳೆ ಇರುವ ಊರುಗಳು ಎಷ್ಟೋ ಇವೆ. ಇವು ಈ ಊರನ್ನೇ ಹಿಡಿದು ಕುಳಿತದ್ದೇಕೆ? ಊರವರು ಒಂದು ಕಥೆ ಹೇಳುತ್ತಾರೆ. 1916ರಲ್ಲಿ ಪ್ಲೇಗು ಬಂದು ಜನ ಹಳೆಯ ಊರನ್ನು ಬಿಟ್ಟು ಈಗಿನ ಜಾಗಕ್ಕೆ ಬಂದರಂತೆ. ಹಕ್ಕಿಗಳೂ ಅವರ ಹಿಂದೆಯೇ ಬಂದು ಹೊಸ ಊರಿನ ಮರಗಳಲ್ಲಿ ಗೂಡು ಕಟ್ಟಿದವಂತೆ. ನಾಯಿ ಹಿಂದೆ ಬರುವುದುಂಟು, ಹಸು ಬರುವುದುಂಟು. ಕಾಡು ಹಕ್ಕಿ ಬಂದಿತೆಂದರೆ ಜನ ಅದನ್ನು ಮರೆಯುವುದಾದರೂ ಹೇಗೆ?

ಜಮಾ–ಖರ್ಚು

ಬಿ.ಕಾಂ. ಓದಿದವನ ಚಟ ಸುಲಭವಾಗಿ ಬಿಡುವುದಿಲ್ಲ. ಒಂದು ಹಾಳೆಯ ನಡುವೆ ಗೆರೆ ಎಳೆದು, ಹಕ್ಕಿಗಳಿಂದ ಈ ಊರಿಗಾಗುವ ಜಮಾ–ಖರ್ಚನ್ನು ಬರೆದು ನೋಡೋಣ ಎನಿಸಿತು.

ಖರ್ಚಿನ ಕಡೆ ಮೊದಲ ಬಾಬತ್ತು ಹುಣಸೆ. ನಮ್ಮ ಕಡೆ ಹುಣಸೆಹಣ್ಣು ಬಡಿಯುವ ಕಾಲ ಜನವರಿಯಿಂದ ಏಪ್ರಿಲ್. ಗೂಡುಗಳಲ್ಲಿ ಮೊಟ್ಟೆ–ಮರಿ ಇರುವ ಕಾಲವೂ ಅದೇ. ಕೋಲು ಹಿಡಿದು ಮರ ಬಡಿದರೆ ಗೂಡು ಉದುರುತ್ತದೆ. ಆದ್ದರಿಂದ ಗೂಡಿರುವ ಮರವನ್ನು ಬಡಿಯುವುದಿಲ್ಲ, ಗುತ್ತಿಗೆಗೂ ಕೊಡುವುದಿಲ್ಲ. ಎರಡನೆಯದು ಹೊಲಸು ಮತ್ತು ವಾಸನೆ. ದಿನಕ್ಕೆ ಎರಡು ಸಲ ಅಂಗಳ ಗುಡಿಸಬೇಕು, ನೀರಿನ ಪಾತ್ರೆಯನ್ನು ತೆರೆದಿಡುವಂತಿಲ್ಲ. ಮೂರನೆಯದು ಗದ್ದಲ. ದೊಡ್ಡ ಹಕ್ಕಿಗಳು ಹೆಚ್ಚು ಕೂಗುವುದಿಲ್ಲ, ಆದರೆ ಹಸಿದ ಮರಿಗಳು ನೂರಾರು ಸೇರಿದರೆ ಕೇಳಬೇಕೇ! ನಾಲ್ಕನೆಯದು ಮರ ಕಡಿದರೆ ಬರಬಹುದಾದ ಹಣ. ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಮರ ಮಾರಿದರೆ ಒಂದು ಗಂಟು ಸಿಗುತ್ತದೆ. ಅದನ್ನೂ ಬಿಟ್ಟುಕೊಡಬೇಕು.

ಜಮಾದ ಕಡೆ ಗೊಬ್ಬರವಿದೆ. ಮರದ ಬುಡದ ಸುತ್ತ ಗುಂಡಿ ತೋಡಿ, ಕೆರೆಯ ಗೋಡು ತಂದು ತುಂಬಿಸುತ್ತಾರೆ. ಮೇಲಿನಿಂದ ಬೀಳುವ ಹಿಕ್ಕೆ ಆ ಮಣ್ಣಿನಲ್ಲಿ ಸೇರಿ ಬಹಳ ಸಾರವತ್ತಾದ ಗೊಬ್ಬರವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆದು ಹೊಲಕ್ಕೆ ಹೊಡೆಯುತ್ತಾರೆ. ಇನ್ನು ಅರಣ್ಯ ಇಲಾಖೆಯ ಪರಿಹಾರ. 1976ರಲ್ಲಿ ಈ ಊರಿನ ಹಕ್ಕಿಗಳನ್ನು ಕಂಡು ಹೊರಗಿನವರ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. ಮುಂದೆ ಬೆಂಗಳೂರಿನ ರಸ್ತೆಗಳ ಪಕ್ಕದಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದವರೂ ಅವರೇ. ಗೂಡಿರುವ ಮರದ ಒಡೆಯರಿಗೆ ಹುಣಸೆಯ ನಷ್ಟ ತುಂಬಿಕೊಡುವ ಏರ್ಪಾಡು ಆ ಮೇಲೆ ಬಂತು. ಹುಣಸೆಯ ಈಗಿನ ಬೆಲೆಗೆ ಅದು ಏನೇನೂ ಸಾಲದು ಎನ್ನುವುದು ಮರದವರ ಮಾತು. ಕೊನೆಗೆ, ನೋಡಲು ಬರುವವರಿಂದ ಒಂದೆರಡು ಚಹಾ ಅಂಗಡಿಗೆ ವ್ಯಾಪಾರ.

ಎಷ್ಟು ಸಲ ಕೂಡಿ ಕಳೆದರೂ ಈ ಲೆಕ್ಕ ಸರಿಹೋಗುವುದಿಲ್ಲ. ಖರ್ಚಿನ ಪಕ್ಕವೇ ಭಾರ. ಅದರಲ್ಲೂ ಒಂದು ವಿಷಯ ಗಮನಿಸಿ. ಗೊಬ್ಬರ, ಪರಿಹಾರ ಎರಡೂ ಸಿಗುವುದು ಮರವಿದ್ದವರಿಗೆ. ವಾಸನೆ, ಗದ್ದಲ, ಹೊಲಸು ಮರವಿಲ್ಲದವರಿಗೂ ಇದೆ. ಆದರೂ ಹಕ್ಕಿಗೆ ಕಲ್ಲು ಬೀರುವ ಹುಡುಗನ ಕಿವಿ ಹಿಂಡುವವರಲ್ಲಿ ಮರವಿಲ್ಲದವರೂ ಇದ್ದಾರೆ.

ಬಿದ್ದ ಮರಿಗಳ ಬಳಗ

ಹಕ್ಕಿಗಳನ್ನು ಓಡಿಸದೆ ಇರುವುದು ಒಂದು ಮಟ್ಟದ ಸೇವೆ. ಅವುಗಳಿಗಾಗಿ ಎದ್ದು ಕೆಲಸ ಮಾಡುವುದು ಇನ್ನೊಂದು ಮಟ್ಟದ್ದು. ಈ ಎರಡನೆಯದು ಇಲ್ಲಿ ಸಂಘಟಿತವಾಗಿ ಶುರುವಾದದ್ದು 1994ರಲ್ಲಿ. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಸಂಸ್ಥೆ 'ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್'ನವರು ಊರಿನ ಯುವಕರ ಜೊತೆ ಸೇರಿದರು. ಹಾಗೆ ಹುಟ್ಟಿದ್ದು 'ಹೆಜ್ಜಾರ್ಲೆ ಬಳಗ'.

ಅವರ ಮುಂದಿದ್ದ ಸಮಸ್ಯೆ ಇದು. ಹೆಜ್ಜಾರ್ಲೆಯ ಗೂಡು ಅಷ್ಟೇನೂ ಭದ್ರವಲ್ಲ. ಕಡ್ಡಿಗಳ ಒಂದು ತಟ್ಟೆ, ಅದರಲ್ಲಿ ಎರಡೋ ಮೂರೋ ಮರಿ. ಬೆಳೆಯುತ್ತ ಬಂದ ಹಾಗೆ ಜಾಗ ಸಾಲದೆ, ಊಟಕ್ಕೆ ಜಗಳವಾಡಿ, ಇಲ್ಲವೇ ಜೋರು ಗಾಳಿಗೆ ಮರಿಗಳು ಕೆಳಗೆ ಬೀಳುತ್ತವೆ. ನೆಲಕ್ಕೆ ಬಿದ್ದ ಮರಿಗೆ ತಾಯಿ ಇಳಿದು ಬಂದು ಉಣಿಸುವುದಿಲ್ಲ. ಮರಿ ಬದುಕಿದ್ದರೂ ಹಸಿವಿನಿಂದ ಸಾಯುತ್ತದೆ, ಇಲ್ಲವೇ ನಾಯಿಯ ಬಾಯಿಗೆ ಸಿಗುತ್ತದೆ. ಹಿಂದೆಲ್ಲ ಊರವರು ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ಬಳಗದವರು ಬಿದ್ದ ಮರಿಗಳನ್ನು ಎತ್ತಿ ತಂದು, ತಂತಿ ಬಲೆ ಹಾಕಿದ ಆವರಣದಲ್ಲಿಟ್ಟು ಸಾಕತೊಡಗಿದರು.

ಕೇಳಲು ಸುಲಭ. ಆದರೆ ದಿನಾ ಮೀನು ತರುವವರು ಯಾರು? ಒಂದು ದಿನ ರಜೆ ಹಾಕುವಂತಿಲ್ಲ. ಯುಗಾದಿಯಾಗಲಿ, ಊರ ಹಬ್ಬವಾಗಲಿ, ಮನೆಯಲ್ಲಿ ಮದುವೆಯಾಗಲಿ, ಮರಿಗೆ ಮೀನು ಬೇಕು. ಗಾಯವಾಗಿದ್ದರೆ ಅರಿಸಿನ ಹಚ್ಚಿ ಬಿಟ್ಟರಾಗದು, ಪಶುವೈದ್ಯರನ್ನು ಕರೆತರಬೇಕು. ಆವರಣ ತೊಳೆಯಬೇಕು. ರೆಕ್ಕೆ ಬಲಿತ ಮೇಲೆ ಹೊರಗೆ ಬಿಟ್ಟು, ಅದು ತಾನಾಗಿ ಹಾರಿ ಮೀನು ಹಿಡಿಯುವುದನ್ನು ಕಲಿಯುವವರೆಗೆ ಕಣ್ಣಿಟ್ಟಿರಬೇಕು. ಒಂದು ಮರಿಗೆ ಇದೆಲ್ಲ ತಿಂಗಳುಗಟ್ಟಲೆಯ ಕೆಲಸ.

ನಾವು ಹೋದಾಗ ಆವರಣದಲ್ಲಿ ಎರಡು ಮರಿಗಳಿದ್ದವು. ಮೈತುಂಬ ಬೂದುಬಿಳುಪಿನ ತುಪ್ಪಳ, ಮೈಗಿಂತ ದೊಡ್ಡದೆನಿಸುವ ಕೊಕ್ಕು. ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಪ್ಲಾಸ್ಟಿಕ್ ಬಕೆಟ್ಟಿನಿಂದ ಒಂದೊಂದೇ ಮೀನನ್ನು ತೆಗೆದು ಎಸೆಯುತ್ತಿದ್ದ. ಸಣ್ಣದಕ್ಕೆ ಸಿಗದ ಹಾಗೆ ದೊಡ್ಡದು ನುಗ್ಗುತ್ತಿತ್ತು. ಅವನು ಕೈಯಿಂದ ದೊಡ್ಡದನ್ನು ಸರಿಸಿ, "ನೀ ಆಗ್ಲೇ ನಾಕು ತಿಂದಿದ್ದೀಯ, ಸುಮ್ನಿರು" ಎಂದು ಗದರಿದ. ಮೊಮ್ಮಗಳು ನನ್ನ ಕಿವಿಯಲ್ಲಿ, "ತಾತ, ಇವರಿಗೆ ಸಂಬಳ ಯಾರು ಕೊಡ್ತಾರೆ?" ಎಂದು ಕೇಳಿದಳು. ಪಿಸುಮಾತು ಅವನಿಗೂ ಕೇಳಿಸಿತು. "ಯಾರೂ ಇಲ್ಲ ಪುಟ್ಟಿ. ನಾನು ಬೆಳಿಗ್ಗೆ ಹಾಲಿನ ಡೈರಿ ಕೆಲಸಕ್ಕೆ ಹೋಗ್ತೀನಿ. ಇದು ಅದಾದ ಮೇಲೆ" ಎಂದ.

ಯಾಕೆ ಮಾಡ್ತೀರಿ?

ಅವಳ ಪ್ರಶ್ನೆಯನ್ನು ಹಿಡಿದುಕೊಂಡೇ ಆ ದಿನವೆಲ್ಲ ಊರು ಸುತ್ತಿದೆವು. ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು.

ಡೈರಿಯ ಹುಡುಗ ಹೇಳಿದ್ದು ಹೀಗೆ: "ಶಾಲೆಗೆ ಹೋಗೋವಾಗ ದೊಡ್ಡ ಹುಡುಗರು ಮರಿಗೆ ಮೀನು ತರೋಕೆ ಕೆರೆಗೆ ಹೋಗೋರು ಸಾರ್. ಕೆರೆಗೆ ಹೋಗೋ ಆಸೆಗೆ ನಾನೂ ಸೇರ್ಕೊಂಡೆ. ಹಕ್ಕಿ ಮೇಲಿನ ಪ್ರೀತಿ ಗೀತಿ ಏನೂ ಇರ್ಲಿಲ್ಲ. ಒಂದ್ ವರ್ಷ ನಾನೇ ಸಾಕಿದ ಮರಿ ಹಾರಿ ಹೋಯ್ತು. ಹೋಗಿ ಆ ಅರಳಿಮರದ ಮೇಲೆ ಕೂತ್ಕಂಡು ನನ್ನ ಕಡೆ ನೋಡ್ತು. ನೋಡ್ತೋ ಇಲ್ವೋ, ನನಗಂತೂ ಹಾಗನ್ನಿಸ್ತು. ಅವತ್ತಿಂದ ಬಿಡೋಕಾಗ್ಲಿಲ್ಲ."

ಹಿತ್ತಲಲ್ಲಿ ಮರವಿದ್ದ ಯಜಮಾನರೊಬ್ಬರು ಜಗಲಿಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟರು. ಮಾತೆಲ್ಲ ದೂರೇ. ಹುಣಸೆ ಹೋಯಿತು, ಹಂಚು ಹಾಳಾಯಿತು, ಪರಿಹಾರದ ಹಣ ಏತಕ್ಕೂ ಬಾರದು. "ಹಾಗಾದ್ರೆ ಮರ ತೆಗೆಸಬಹುದಿತ್ತಲ್ಲ?" ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. "ನಮ್ಮಪ್ಪ ತೆಗೀಲಿಲ್ಲ. ನಾನು ತೆಗೆದ್ರೆ ಊರೋರು ಏನಂತಾರೆ? ಬಸುರಿ ಹೆಂಗಸನ್ನ ಮನೆಯಿಂದಾಚೆ ಹಾಕ್ದ ಅನ್ನೋದಿಲ್ವೆ?" ಎಂದರು. ಇದನ್ನು ಊರಿನ ಭಯ ಎನ್ನಿ, ಮರ್ಯಾದೆ ಎನ್ನಿ. ಒಳ್ಳೆಯ ಕೆಲಸಗಳು ಎಷ್ಟೋ ಸಲ ನಿಂತಿರುವುದು ಇದರ ಮೇಲೆಯೇ.

ಇನ್ನೊಂದು ಮನೆಯ ಅಜ್ಜಿ ಅಂಗಳ ಗುಡಿಸುತ್ತಿದ್ದರು. ನನ್ನ ಹೆಂಡತಿ ಹತ್ತಿರ ಹೋಗಿ, "ದಿನಾ ಹೀಗೆ ಬಳಿಯೋಕೆ ಬೇಜಾರಾಗೋಲ್ವೇನಮ್ಮ?" ಎಂದಳು. ಅಜ್ಜಿ ಪೊರಕೆಯನ್ನು ಗೋಡೆಗೆ ಒರಗಿಸಿ ಸೊಂಟ ನೆಟ್ಟಗೆ ಮಾಡಿಕೊಂಡರು. "ಮಗಳು ಬಾಣಂತನಕ್ಕೆ ತೌರಿಗೆ ಬಂದವಳೆ ಅಂತ ಇಟ್ಕೊಳ್ಳಿ ತಾಯಿ. ಕೂಸು ರಾತ್ರಿಯೆಲ್ಲ ಅಳ್ತದೆ, ಮೈಮೇಲೆಲ್ಲ ಹೊಲಸು ಮಾಡ್ತದೆ. ಅದಕ್ಕೆ ಅವ್ಳನ್ನ ಬಾಡಿಗೆ ಕೊಡು ಅಂತ ಕೇಳಕ್ಕಾಯ್ತದಾ? ನಾಕು ತಿಂಗ್ಳು ಇದ್ದು ಹೋಯ್ತಾಳೆ. ಹೋದ ಮೇಲೆ ಮನೆ ಬಿಕೋ ಅಂತದೆ."

ಈ ಮಾತು ಅಜ್ಜಿಯ ಸ್ವಂತದ್ದಲ್ಲ. ಹಕ್ಕಿಗಳು ತೌರಿಗೆ ಬಂದ ಹೆಣ್ಣುಮಕ್ಕಳೆಂಬ ಭಾವನೆ ಇಡೀ ಊರಿನದು. ಹಕ್ಕಿ ಬಂದ ವರ್ಷ ಮಳೆ–ಬೆಳೆ ಚೆನ್ನಾಗಿರುತ್ತದೆ ಎಂಬ ನಂಬಿಕೆಯೂ ಇದೆ. ಲೆಕ್ಕದ ಹಾಳೆಯಲ್ಲಿ ನಾನು ಎಲ್ಲಿ ಎಡವಿದ ಹಾಗಾಗುತ್ತಿತ್ತೋ ಅದು ಅಜ್ಜಿಯ ಮಾತಿನಿಂದ ಬಗೆಹರಿಯಿತು. ನಾವು ವ್ಯಾಪಾರದ ಖಾತೆ ತೆರೆದು ನೋಡುತ್ತಿದ್ದೆವು. ಅವರು ಮನೆಖರ್ಚಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ. ಮಗಳ ಬಾಣಂತನಕ್ಕೆ ಎಷ್ಟು ಹೋಯಿತು ಎಂದು ಯಾವ ತಾಯಿಯೂ ಲೆಕ್ಕ ತೋರಿಸಿ ವಸೂಲಿ ಮಾಡುವುದಿಲ್ಲವಲ್ಲ!

ಹಾಗೆಂದು ಇದನ್ನು ಬರೀ ಮಮತೆಯ ಕಥೆಯಾಗಿ ಹೇಳಿದರೆ ಅರ್ಧ ಸತ್ಯವಾದೀತು. ಹುಡುಗನಿಗೆ ಕೆರೆಯ ಆಸೆ, ಯಜಮಾನರಿಗೆ ಊರಿನ ಮಾತು, ಅಜ್ಜಿಗೆ ತಾಯ್ತನ, ಮೈಸೂರಿನವರಿಗೆ ಹಕ್ಕಿಗಳ ಹುಚ್ಚು, ಇನ್ನು ಕೆಲವರಿಗೆ ಗೊಬ್ಬರದ ಲಾಭ. ಎಲ್ಲರ ಕಾರಣ ಒಂದೇ ಆಗಬೇಕಿಲ್ಲ. ಕೆಲಸ ಒಂದೇ ಆದರೆ ಸಾಕು.

ಆದದ್ದೇನು, ಆಗದ್ದೇನು

ಇಷ್ಟರಿಂದ ಬಂದ ಫಲವೇನು? ಕಣ್ಣಿಗೆ ಕಾಣುವುದು, ನಾಯಿಯ ಪಾಲಾಗಬೇಕಿದ್ದ ಮರಿಗಳು ಹಾರಿಹೋದದ್ದು. ಅದಕ್ಕಿಂತ ದೊಡ್ಡದು ಊರಿಗೆ ಬಂದ ಅರಿವು. ಯಾವ ಮರದಲ್ಲಿ ಎಷ್ಟು ಗೂಡು, ಯಾವ ತಿಂಗಳಲ್ಲಿ ಮೊಟ್ಟೆ, ಯಾವ ಕೆರೆಯಲ್ಲಿ ನೀರು ಬತ್ತಿದೆ ಎಂಬುದನ್ನು ಇಲ್ಲಿನ ಹುಡುಗರು ಬೆರಳ ತುದಿಯಲ್ಲಿ ಹೇಳುತ್ತಾರೆ. ಹೊರಗಿನಿಂದ ಓದಲು ಬಂದವರು ಕೂಡ ಅವರನ್ನೇ ಕೇಳಿ ಬರೆದುಕೊಳ್ಳುತ್ತಾರೆ.

ಕಾನೂನಿನಲ್ಲೂ ಇದಕ್ಕೊಂದು ಸ್ಥಾನ ಸಿಕ್ಕಿತು. ಸಾಮಾನ್ಯವಾಗಿ ಅಭಯಾರಣ್ಯ ಎಂದರೆ ಜನರನ್ನು ಹೊರಗಿಟ್ಟು ಪ್ರಾಣಿಗಳನ್ನು ಕಾಯುವ ಜಾಗ. ಬೆಳ್ಳೂರಿನಲ್ಲಿ ಅದು ಸಾಧ್ಯವಿಲ್ಲ, ಮರಗಳಿರುವುದೇ ಮನೆಯ ಹಿತ್ತಲಲ್ಲಿ. 2002ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದಾಗ 'ಸಮುದಾಯ ಮೀಸಲು' ಎಂಬ ಹೊಸ ಬಗೆಯನ್ನು ಸೇರಿಸಿದರು. ಜನರು ತಮ್ಮದೇ ಜಮೀನಿನಲ್ಲಿ ವನ್ಯಜೀವಿಗಳನ್ನು ಕಾಪಾಡಲು ಸ್ವ–ಇಚ್ಛೆಯಿಂದ ಮುಂದೆ ಬಂದಿರಬೇಕು ಎಂಬುದು ಅದರ ಮೊದಲ ಷರತ್ತು. ಜಮೀನು ಜನರದಾಗಿಯೇ ಉಳಿಯುತ್ತದೆ. ನೋಡಿಕೊಳ್ಳುವ ಸಮಿತಿಗೆ ಪಂಚಾಯಿತಿಯವರು ಆರಿಸಿದ ಐವರು, ಅರಣ್ಯ ಇಲಾಖೆಯ ಒಬ್ಬರು ಎಂದು ಆ ತಿದ್ದುಪಡಿ ಹೇಳಿತು. ಒಬ್ಬ ಅಧಿಕಾರಿಗೆ ಐದು ಜನ ಊರವರು! ನಾನು ನೋಡಿದ ಕಮಿಟಿಗಳಲ್ಲೆಲ್ಲ ಈ ಅನುಪಾತ ಯಾವಾಗಲೂ ತಿರುಗುಮುರುಗಾಗಿ ಇರುತ್ತಿತ್ತು. 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಜನ ಮೊದಲಿನಿಂದ ಮಾಡಿಕೊಂಡು ಬಂದದ್ದಕ್ಕೆ ಸರ್ಕಾರ ಆಮೇಲೆ ಮೊಹರು ಒತ್ತಿತು ಎನ್ನಬಹುದು.

ಆದರೆ ಸೇವೆಯಿಂದ ಎಲ್ಲವೂ ಸರಿಹೋಗುತ್ತದೆ ಎಂದು ಮಕ್ಕಳಿಗೆ ಹೇಳಿದರೆ ಅದು ನಿಜವಲ್ಲ. 2017ರ ಡಿಸೆಂಬರ್‌ನಿಂದ ಮುಂದಿನ ಕೆಲವು ತಿಂಗಳು ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಬೆಳೆದ ಹಕ್ಕಿಗಳೇ ನಿತ್ರಾಣವಾಗಿ ಕೆಳಗೆ ಬೀಳುತ್ತಿದ್ದವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ಸಿಕ್ಕವು. ಈ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಕೆರೆಯ ನೀರು ಕೆಟ್ಟರೆ ಮೀನು ಕೆಡುತ್ತದೆ, ಮೀನು ಕೆಟ್ಟರೆ ಹಕ್ಕಿ. ಆ ಕೆರೆಗಳು ಬೆಳ್ಳೂರಿನವರ ಕೈಯಲ್ಲಿಲ್ಲ. "ಆ ವರ್ಷ ಬಿದ್ದಿದ್ದನ್ನೆಲ್ಲ ಎತ್ಕೊಂಡು ಬಂದ್ವಿ ಸಾರ್. ಡಾಕ್ಟ್ರೂ ಬಂದ್ರು. ಕೆಲವು ಕೈಯಲ್ಲೇ ಹೋದ್ವು" ಎಂದ ಡೈರಿಯ ಹುಡುಗ ಮುಂದಕ್ಕೆ ಮಾತಾಡದೆ ಬಕೆಟ್ಟು ತೊಳೆಯಲು ಹೋದ.

ಇನ್ನೊಂದು ಚಿಂತೆ ಮರಗಳದು. ನಾನು ಲೂನಾದಲ್ಲಿ ಬಂದಾಗ ಇದ್ದ ಎಷ್ಟೋ ಹಳೆಯ ಹುಣಸೆ ಮರಗಳು ಈಗ ಇಲ್ಲ. ಕೆಲವು ಗಾಳಿಗೆ ಬಿದ್ದವು, ಕೆಲವು ಒಣಗಿದವು, ಇನ್ನು ಕೆಲವು ಮನೆ ವಿಸ್ತರಿಸುವಾಗ ಹೋದವು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಹಿತ್ತಲು ಚಿಕ್ಕದಾಗುತ್ತದೆ, ಮರಕ್ಕೆ ಜಾಗ ಉಳಿಯುವುದಿಲ್ಲ. ಇದರಲ್ಲಿ ಯಾರನ್ನು ಬೈಯುವುದು? ಊರಿನ ಮಕ್ಕಳು ಬೆಂಗಳೂರಿಗೆ, ಮೈಸೂರಿಗೆ ಕೆಲಸಕ್ಕೆ ಹೋಗಿದ್ದಾರೆ. ಅವರಿಗೆ ಹಕ್ಕಿಯ ಮೇಲೆ ದ್ವೇಷವಿಲ್ಲ, ಆದರೆ ಮರಿ ಬಿದ್ದ ಸದ್ದು ಕೇಳಲು ಅವರು ಊರಿನಲ್ಲಿಲ್ಲ. ಪರಿಹಾರದ ಹಣ ಹೆಚ್ಚಿಸಿದರೆ ಕೆಲವು ಮರ ಉಳಿದಾವು, ಹೆಚ್ಚಿಸಲೇಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ಟಾರ್ಚು ಹಿಡಿದು ಮರದ ಬುಡಕ್ಕೆ ಓಡುವವರನ್ನು ಹಣ ಕೊಟ್ಟು ತರಲಾಗದು. ಒಬ್ಬರು ಮಾಡುವುದನ್ನು ಇನ್ನೊಬ್ಬರು ಚಿಕ್ಕಂದಿನಲ್ಲೇ ನೋಡಿದ್ದರೆ ಮಾತ್ರ ಅಂಥವರು ಹುಟ್ಟುತ್ತಾರೆ.

ಅದಕ್ಕೇ ಇರಬೇಕು, ಊರಿನ ಅಂಚಿನಲ್ಲಿ ಮುಳ್ಳುಬೇಲಿ ಕಟ್ಟಿದ ಸಸಿಗಳ ಸಾಲು ನೋಡಿ ನನಗೆ ಸಮಾಧಾನವಾಯಿತು. ಅರಳಿ, ಬಸರಿ, ಹುಣಸೆ, ಎಲ್ಲ ಮೊಳಕಾಲೆತ್ತರ. ಇಬ್ಬರು ಹುಡುಗರು ಕೊಡದಲ್ಲಿ ನೀರು ತಂದು ಹಾಕುತ್ತಿದ್ದರು. ಈ ಗಿಡದ ಮೇಲೆ ಹೆಜ್ಜಾರ್ಲೆ ಕೂರುವುದು ಯಾವಾಗ ಎಂದು ಮೊಮ್ಮಗಳು ಕೇಳಿದಳು. ಐದು ಕಿಲೋ ಹಕ್ಕಿ, ಗೂಡು, ಮರಿ ಎಲ್ಲವನ್ನೂ ಹೊರಬೇಕಾದರೆ ಕೊಂಬೆ ಬಲಿಯಬೇಕು. ಅದಕ್ಕೆ ಒಂದು ತಲೆಮಾರೇ ಬೇಕು. ಆ ಹುಡುಗರಲ್ಲಿ ಒಬ್ಬ, "ಅಷ್ಟೊತ್ತಿಗೆ ನನ್ನ ಮಗನ ಕೈಲಿ ಎಣಿಸಿಸ್ತೀನಿ ಬುಡಿ" ಎಂದ. ಅವನಿಗೆ ಹದಿಮೂರು ವರ್ಷವಿದ್ದೀತು.

ನೀವು ಹೋಗುವಾಗ

ಬೆಂಗಳೂರಿನಿಂದ ಊರು ಸುಮಾರು 80 ಕಿ.ಮೀ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ, ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿದರೆ ಹನ್ನೆರಡು ಕಿ.ಮೀ. ಆಸುಪಾಸು. ರೈಲಿನಲ್ಲಿ ಬರುವವರು ಮದ್ದೂರಿನಲ್ಲಿ ಇಳಿಯಬಹುದು. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಗೂಡಿನಲ್ಲಿ ಮರಿಗಳನ್ನು ಕಾಣಬಹುದು. ಬೆಳಿಗ್ಗೆ ಬೇಗ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ, ಇಲ್ಲಿ ಹಕ್ಕಿಗಳು ಅಷ್ಟು ಹತ್ತಿರ.

ಮರದ ಕೆಳಗೆ ಕೂಗಬೇಡಿ, ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸಿ ಫೋಟೋ ತೆಗೆಯಬೇಡಿ. ನೀವು ನಿಂತಿರುವುದು ಯಾರದೋ ಮನೆಯ ಹಿತ್ತಲು, ಆದ್ದರಿಂದ ಒಂದು ಮಾತು ಕೇಳಿ ಒಳಗೆ ಹೋಗಿ. ಚಹಾ ಅಲ್ಲಿಯೇ ಕುಡಿಯಿರಿ. ಮಕ್ಕಳೇ, ನಿಮ್ಮ ಕಣ್ಣೆದುರಿಗೆ ಮರಿಯೊಂದು ಕೆಳಗೆ ಬಿದ್ದರೆ ಅದನ್ನು ಮುಟ್ಟಬೇಡಿ, ಅಳಲೂ ಬೇಡಿ. ನಾಯಿ ಹತ್ತಿರ ಬಾರದ ಹಾಗೆ ಒಬ್ಬರು ಅಲ್ಲೇ ನಿಂತು, ಇನ್ನೊಬ್ಬರು ಓಡಿಹೋಗಿ ಹತ್ತಿರದ ಮನೆಯ ಬಾಗಿಲು ತಟ್ಟಿ. ಯಾವ ಮನೆಯಾದರೂ ಆದೀತು.